ಕೀಮೋಗೆ ಬಗ್ಗದ ಸ್ತನ ಕ್ಯಾನ್ಸರ್‌ಗೆ ಗಿಡಗಳಿಂದ ಔಷಧಿ: ಇದರಲ್ಲಿ ನಿಜ ಎಷ್ಟು?

ಹಾಸನದ ತಂಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ವಿಷಯ ಕೇಳಬೇಕಿತ್ತು. ಅವಳಿಗೆ ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್, ಅಂದರೆ ಹಾರ್ಮೋನಿನ ಎರಡು ಗುರುತು, ಹರ್-2 ಅನ್ನೋ ಪ್ರೋಟೀನ್, ಈ ಮೂರೂ ಟೆಸ್ಟ್‌ನಲ್ಲಿ ನೆಗೆಟಿವ್ ಬಂದಿದ್ದು. ಹೋದ ವರ್ಷ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿಕೊಂಡು ಮನೆಗೆ ಬಂದಿದ್ದಳು, ಕೂದಲೂ ಚೆನ್ನಾಗಿ ಬರ್ತಾ ಇತ್ತು. ಈಗ ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿಕೊಂಡಿದೆ. ಬೇರೆ ಕೀಮೋ ಶುರು ಮಾಡಿದರು, ಆದರೆ ಸ್ಕ್ಯಾನ್‌ನಲ್ಲಿ ಗಡ್ಡೆ ಕರಗಿಲ್ಲ, ಬದಲಿಗೆ ಸ್ವಲ್ಪ ಬೆಳೆದಿದೆ. ಈ ಔಷಧಿಗೆ ರೆಸಿಸ್ಟೆನ್ಸ್ ಬಂದಿದೆ, ಅಂದರೆ ಕ್ಯಾನ್ಸರ್ ಇದಕ್ಕೆ ಬಗ್ಗುತ್ತಿಲ್ಲ, ಮುಂದಿನ ಲೈನ್‌ನ ಬೇರೆ ಔಷಧಿಗೆ ಹೋಗೋಣ ಅಂತ ಡಾಕ್ಟರು ಹೇಳಿದ್ದಾರೆ.

ಮನೆಯಲ್ಲಿ ಈಗ ಒಬ್ಬೊಬ್ಬರದು ಒಂದೊಂದು ಮಾತು. ದೊಡ್ಡಮ್ಮ ಲಕ್ಷ್ಮಣಫಲದ ಎಲೆ ತಂದು ಕಷಾಯ ಮಾಡಿಟ್ಟಿದ್ದಾರೆ. ಭಾವನ ಸ್ನೇಹಿತರೊಬ್ಬರು ಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಕೊಟ್ಟು ಹೋದರು. ಅಂಗಳದ ನಿತ್ಯಪುಷ್ಪದಿಂದಲೇ ಕ್ಯಾನ್ಸರ್ ಔಷಧಿ ಮಾಡ್ತಾರಂತೆ, ಅದರ ಎಲೆನೇ ಅರೆದು ಕೊಟ್ಟರೆ ಆಗಲ್ವಾ ಅಂತ ಅಮ್ಮ ಕೇಳ್ತಾರೆ. ಇದರ ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಓಡಾಡ್ತಾ ಇದೆ, ಯಾವುದೋ ಗಿಡದ ಅಂಶ ಔಷಧಿಗೆ ಬಗ್ಗದ ಸ್ತನ ಕ್ಯಾನ್ಸರ್ ಕೋಶಗಳನ್ನು ಲ್ಯಾಬ್‌ನಲ್ಲಿ ಕೊಂದುಹಾಕಿತು ಅಂತ.

ನನಗೆ ಇದನ್ನೆಲ್ಲ ಸುಳ್ಳು ಅಂತ ತಳ್ಳಿಹಾಕೋಕೂ ಮನಸ್ಸಿಲ್ಲ, ನಂಬೋಕೂ ಧೈರ್ಯ ಇಲ್ಲ. ಗಿಡಗಳಿಂದ ನಿಜವಾಗಲೂ ಇಂಥ ಕ್ಯಾನ್ಸರ್‌ಗೆ ಔಷಧಿ ಬಂದಿದೆಯಾ? ಬಂದಿದ್ದರೆ ಅಕ್ಕನಿಗೆ ಅದರಿಂದ ಏನಾದರೂ ಉಪಯೋಗ ಇದೆಯಾ? ಕೀಮೋ ಜೊತೆಗೆ ಈ ಕಷಾಯ, ಕ್ಯಾಪ್ಸೂಲ್ ಕೊಡಬಹುದಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕೋಶ ಬೆಳೆಸುವವ

ತಂಗಿ, ಮೊದಲು ಅಕ್ಕನ ಹಳೆಯ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ಪ್ಯಾಕ್ಲಿಟ್ಯಾಕ್ಸೆಲ್ ಅಥವಾ ಡೋಸಿಟ್ಯಾಕ್ಸೆಲ್ ಅಂತ ಇದ್ದರೆ ಅವರು ಆಗಲೇ ಗಿಡದಿಂದ ಬಂದ ಔಷಧಿ ತಗೊಂಡಿದ್ದಾರೆ ಅಂತ ಅರ್ಥ. ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಪಶ್ಚಿಮ ಕರಾವಳಿಯ ಪೆಸಿಫಿಕ್ ಯೂ ಅನ್ನೋ ಮರದ ತೊಗಟೆಯಲ್ಲಿ. 1962ರಲ್ಲಿ ತೊಗಟೆ ಸಂಗ್ರಹಿಸಿದರು, 1971ರಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದರ ರಚನೆ ಪ್ರಕಟಿಸಿದರು. ವಾನಿ ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರಬಾರ್‌ನವರು. 1979ರಲ್ಲಿ ಸೂಸನ್ ಹಾರ್ವಿಟ್ಜ್ ಅದು ಕೆಲಸ ಮಾಡೋ ರೀತಿ ಕಂಡುಹಿಡಿದರು: ಕೋಶ ಎರಡಾಗುವಾಗ ಬೇಕಾಗುವ ಎಳೆಗಳನ್ನು ಅದು ಗಟ್ಟಿಯಾಗಿ ಹಿಡಿದುಬಿಡುತ್ತೆ, ಕೋಶ ಒಡೆಯೋಕೆ ಆಗದೆ ಸಾಯುತ್ತೆ. ಸ್ತನ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಅಂದರೆ ತೊಗಟೆಯಿಂದ ರೋಗಿಯ ಕೈಯ ಡ್ರಿಪ್‌ವರೆಗೆ ಬರೋಕೆ 30 ವರ್ಷದ ಹತ್ತಿರ ಹಿಡಿಯಿತು.

ಈಗ ರೆಸಿಸ್ಟೆನ್ಸ್ ವಿಷಯ. ಕ್ಯಾನ್ಸರ್ ಕೋಶಕ್ಕೆ ಔಷಧಿಯಿಂದ ತಪ್ಪಿಸಿಕೊಳ್ಳೋಕೆ ಹಲವು ದಾರಿ ಇವೆ. ಒಂದು ದಾರಿ ಚೆನ್ನಾಗಿ ಗೊತ್ತಿರೋದು: ಕೋಶದ ಪೊರೆಯಲ್ಲಿ ಪಿ-ಗ್ಲೈಕೋಪ್ರೋಟೀನ್ ಅನ್ನೋ ಪಂಪ್ ಇರುತ್ತೆ, ತೂತು ದೋಣಿಯಿಂದ ನೀರು ಮೊಗೆದು ಹೊರಗೆ ಹಾಕಿದ ಹಾಗೆ ಅದು ಒಳಗೆ ಬಂದ ಔಷಧಿಯನ್ನು ಹೊರಗೆ ಎತ್ತಿ ಹಾಕ್ತಾ ಇರುತ್ತೆ. ಜೂಲಿಯಾನೊ ಮತ್ತು ಲಿಂಗ್ 1976ರಲ್ಲಿ ಇದನ್ನು ಕಂಡುಹಿಡಿದರು. ತಮಾಷೆಯಲ್ಲ, ಪ್ಯಾಕ್ಲಿಟ್ಯಾಕ್ಸೆಲ್, ನಿತ್ಯಪುಷ್ಪದ ಔಷಧಿಗಳು, ಡಾಕ್ಸೋರುಬಿಸಿನ್ ಅನ್ನೋ ಇನ್ನೊಂದು ಕೀಮೋ ಔಷಧಿ, ಮೂರನ್ನೂ ಇದೇ ಪಂಪ್ ಹೊರಗೆ ಹಾಕಬಲ್ಲದು. ಹಾಗಾಗಿ ಒಂದಕ್ಕೆ ಬಗ್ಗದ ಕೋಶ ಇನ್ನೊಂದಕ್ಕೂ ಬಗ್ಗದೇ ಇರಬಹುದು.

ನೀವು ವಾಟ್ಸಾಪ್‌ನಲ್ಲಿ ಓದಿದಂಥ ಸುದ್ದಿಗಳು ಬಹುಪಾಲು ಇಲ್ಲಿಂದ ಹುಟ್ಟುತ್ತವೆ. ಅರಿಶಿನದ ಕರ್ಕ್ಯುಮಿನ್, ಮರದ ಅರಿಶಿನದ ಬರ್ಬೆರಿನ್, ಇಂಥ ಹತ್ತಾರು ಅಂಶಗಳು ಲ್ಯಾಬ್‌ನಲ್ಲಿ ಈ ಪಂಪನ್ನೋ ಇನ್ನೊಂದು ದಾರಿಯನ್ನೋ ತಡೆಯುತ್ತವೆ. ಅದು ಸುಳ್ಳಲ್ಲ, ನಾನೇ ಅಂಥ ಪ್ರಯೋಗ ಮಾಡ್ತೀನಿ. 96 ಗುಳಿ ಇರೋ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶ ಬಿತ್ತಿ, ಮಾರನೇ ದಿನ ಗಿಡದ ಅಂಶವನ್ನು ಕಡಿಮೆಯಿಂದ ಜಾಸ್ತಿವರೆಗೆ ಸಾಲಾಗಿ ಹಾಕಿ, ಆಮೇಲೆ ಹಳದಿ ಬಣ್ಣದ ಎಂಟಿಟಿ ಸುರೀತೀವಿ. ಜೀವ ಇರೋ ಕೋಶ ಅದನ್ನು ನೇರಳೆ ಮಾಡುತ್ತೆ. ತಟ್ಟೆ ಎತ್ತಿ ಬೆಳಕಿಗೆ ಹಿಡಿದರೆ ಒಂದು ಕಡೆ ಗಾಢ ನೇರಳೆ, ಇನ್ನೊಂದು ಕಡೆ ಬರೀ ಹಳದಿ. ಆ ಹಳದಿ ಗುಳಿಗಳೇ ಮುಂದೆ ಪೇಪರಿನಲ್ಲಿ "ಕ್ಯಾನ್ಸರ್ ಕೋಶ ಕೊಂದ ಗಿಡ" ಅಂತ ಆಗೋದು.

ಆದರೆ ಆ ಗುಳಿಗೆ ಹಾಕಿದಷ್ಟು ಅಂಶ ಮನುಷ್ಯನ ರಕ್ತಕ್ಕೆ ತಲುಪುತ್ತಾ ಅನ್ನೋದೇ ಪ್ರಶ್ನೆ. ಕರ್ಕ್ಯುಮಿನ್ ತಗೊಳ್ಳಿ. ತಟ್ಟೆಯಲ್ಲಿ ಕೋಶ ಸಾಯೋಕೆ ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲಾರ್ (ದ್ರವದಲ್ಲಿ ಅಂಶ ಎಷ್ಟು ಗಾಢವಾಗಿದೆ ಅನ್ನೋ ಅಳತೆ) ಬೇಕು. ತೈವಾನ್‌ನಲ್ಲಿ ಜನರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿಸಿ ನೋಡಿದಾಗ, 2001ರಲ್ಲಿ ಪ್ರಕಟವಾದ ಅಧ್ಯಯನ ಅದು, ರಕ್ತದಲ್ಲಿ ಸರಾಸರಿ ಸಿಕ್ಕಿದ್ದು 2 ಮೈಕ್ರೋಮೋಲಾರ್‌ಗೂ ಕಡಿಮೆ. 8 ಗ್ರಾಂ ಕರ್ಕ್ಯುಮಿನ್ ಅಂದರೆ ಎಷ್ಟು ಅರಿಶಿನ ಆಗುತ್ತೆ ಲೆಕ್ಕ ಹಾಕಿ, ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರರ ಆಸುಪಾಸು. ಆರ್ಮೇನಿಯಾದಲ್ಲಿ 150 ಹೆಂಗಸರ ಮೇಲೆ ನಡೆದ ಒಂದು ಟ್ರಯಲ್‌ನಲ್ಲಿ ಕರ್ಕ್ಯುಮಿನ್ನನ್ನು ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಕೊಟ್ಟಾಗ ಗಡ್ಡೆ ಕುಗ್ಗಿದವರ ಪ್ರಮಾಣ ಜಾಸ್ತಿ ಇತ್ತು, ಆದರೆ ಅಲ್ಲಿ ಕೊಟ್ಟಿದ್ದು ನೇರ ರಕ್ತನಾಳಕ್ಕೆ, ಡ್ರಿಪ್‌ನಲ್ಲಿ. ಇದು ಕುತೂಹಲ ಹುಟ್ಟಿಸೋ ವಿಷಯ, ದೊಡ್ಡ ಟ್ರಯಲ್ ಆಗಬೇಕು. ಬಾಟಲಿಯಲ್ಲಿ ಸಿಗೋ ಕ್ಯಾಪ್ಸೂಲ್‌ಗೆ ಇದು ಸಾಕ್ಷಿ ಅಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು, ಇದು ನನ್ನನ್ನು ತುಂಬಾ ಕಾಡುತ್ತೆ. ಸ್ತನ ಕ್ಯಾನ್ಸರ್ ಲ್ಯಾಬ್‌ಗಳಲ್ಲಿ ಅತಿ ಹೆಚ್ಚು ಬಳಕೆಯಾಗೋ ಎಂಸಿಎಫ್-7 ಕೋಶಗಳು 1970ರಲ್ಲಿ ಅಮೆರಿಕದ ಮಿಷಿಗನ್‌ನ ಒಬ್ಬ ಸನ್ಯಾಸಿನಿಯ ದೇಹದಿಂದ ತೆಗೆದವು. ಅದಕ್ಕೆ ಔಷಧಿ ನಿರೋಧ ಬರಿಸಿದ ತಳಿ ಅಂತ ಎಂಸಿಎಫ್-7/ಎಡಿಆರ್ ಹೆಸರಲ್ಲಿ ಇನ್ನೊಂದನ್ನು ಎಷ್ಟೋ ವರ್ಷ ಜಗತ್ತಿನಾದ್ಯಂತ ಬಳಸಿದರು. ಆಮೇಲೆ ಜೀನ್ ಪರೀಕ್ಷೆ ಮಾಡಿದರೆ ಅದು ಸ್ತನ ಕ್ಯಾನ್ಸರ್ ಕೋಶವೇ ಅಲ್ಲ, ಅಂಡಾಶಯದ ಕ್ಯಾನ್ಸರ್ ಕೋಶ! ಆ ತಳಿಯ ಮೇಲೆ ನಡೆದ "ಔಷಧಿಗೆ ಬಗ್ಗದ ಸ್ತನ ಕ್ಯಾನ್ಸರ್" ಪ್ರಯೋಗಗಳು ಲೆಕ್ಕವಿಲ್ಲದಷ್ಟಿವೆ. ಹಾಗಾಗಿ ಒಂದು ಲ್ಯಾಬ್ ಸುದ್ದಿ ನೋಡಿ ಅಕ್ಕನ ಚಿಕಿತ್ಸೆ ಬದಲಾಯಿಸಬೇಡಿ.

ಡೇ ಕೇರ್ ಫಾರ್ಮಸಿ

ನಾನು ಒಂದು ಆಸ್ಪತ್ರೆಯ ಕೀಮೋ ವಾರ್ಡಿಗೆ ಔಷಧಿ ತಯಾರಿಸಿ ಕೊಡೋ ಫಾರ್ಮಸಿಸ್ಟ್. ನಿಮ್ಮ ಮೂರನೇ ಪ್ರಶ್ನೆಗೆ ಮಾತ್ರ ಉತ್ತರ ಹೇಳ್ತೀನಿ. ಡಾಕ್ಟರಿಗೆ ಹೇಳದೆ ಏನೂ ಕೊಡಬೇಡಿ. ಇದನ್ನು ಗಿಡಮೂಲಿಕೆ ಮೇಲಿನ ಕೋಪಕ್ಕೆ ಹೇಳ್ತಿಲ್ಲ. ಗಿಡದ ಅಂಶಕ್ಕೆ ಶಕ್ತಿ ಇದೆ ಅನ್ನೋದಕ್ಕೇ ಹೇಳ್ತಿದ್ದೀನಿ.

ವಾರ್ಡಿನಲ್ಲಿ ಮತ್ತೆ ಮತ್ತೆ ಆಗೋದು ಹೀಗೆ. ಕೀಮೋಗೆ ಬಂದವರ ರಕ್ತದ ರಿಪೋರ್ಟ್ ನೋಡಿದರೆ ಲಿವರ್‌ಗೆ ಪೆಟ್ಟಾದರೆ ಏರೋ ಎಸ್‌ಜಿಪಿಟಿ ಅನ್ನೋ ಅಂಶ ಏರಿರುತ್ತೆ. ಕೀಮೋ ಮುಂದಕ್ಕೆ ಹೋಗುತ್ತೆ. ಲಿವರ್‌ಗೆ ಕ್ಯಾನ್ಸರ್ ಹರಡಿತಾ, ಔಷಧಿಯದೇ ತೊಂದರೆನಾ ಅಂತ ಸ್ಕ್ಯಾನ್ ಆಗುತ್ತೆ. ಮನೆಯವರು ಕಂಗಾಲು. ಕೊನೆಗೆ ನರ್ಸ್ ಪಕ್ಕದಲ್ಲಿ ಕೂತು ನಿಧಾನಕ್ಕೆ ಕೇಳಿದಾಗ ಕೈಚೀಲದ ತಳದಿಂದ, ಟವೆಲ್ ಸುತ್ತಿಟ್ಟ ಒಂದು ಡಬ್ಬಿ ಈಚೆ ಬರುತ್ತೆ. ಲೇಬಲ್ಲೂ ಇರಲ್ಲ. ಬೈತಾರೆ ಅಂತ ಮುಚ್ಚಿಟ್ಟಿರ್ತಾರೆ ಪಾಪ.

ಕೆಲವು ನಿರ್ದಿಷ್ಟ ವಿಷಯ:

ಅರಿಶಿನ ಮೆಣಸಿನ ಕ್ಯಾಪ್ಸೂಲ್. ಸಾರು ಪಲ್ಯಕ್ಕೆ ಹಾಕೋ ಅರಿಶಿನ, ಮೆಣಸಿಗೆ ಯಾರೂ ಬೇಡ ಅನ್ನಲ್ಲ. ಕ್ಯಾಪ್ಸೂಲ್ ಬೇರೆ ಲೆಕ್ಕ. ಮೆಣಸಿನ ಪೈಪರಿನ್ ಸೇರಿಸೋದೇ ಲಿವರ್ ಕರ್ಕ್ಯುಮಿನ್ನನ್ನು ಬೇಗ ಹೊರಹಾಕಬಾರದು ಅಂತ. ಹಾಗೆ ಲಿವರ್ ಕೆಲಸಕ್ಕೆ ಕೈ ಹಾಕಿದ್ದು ಬೇರೆ ಔಷಧಿಗೂ ತಟ್ಟುತ್ತೆ. ನೆದರ್‌ಲ್ಯಾಂಡ್ಸ್‌ನಲ್ಲಿ ಟಮಾಕ್ಸಿಫೆನ್ (ಹಾರ್ಮೋನಿನಿಂದ ಬೆಳೆಯೋ ಸ್ತನ ಕ್ಯಾನ್ಸರ್‌ನ ಮಾತ್ರೆ) ತಗೊಳ್ತಿದ್ದವರಿಗೆ ಕರ್ಕ್ಯುಮಿನ್ ಕೊಟ್ಟು ನೋಡಿದರು, 2019ರಲ್ಲಿ ಪ್ರಕಟವಾಯಿತು. ಟಮಾಕ್ಸಿಫೆನ್‌ನಿಂದ ದೇಹದಲ್ಲಿ ತಯಾರಾಗೋ, ನಿಜವಾಗಿ ಕೆಲಸ ಮಾಡೋ ಎಂಡಾಕ್ಸಿಫೆನ್ ರಕ್ತದಲ್ಲಿ ಕಡಿಮೆಯಾಯಿತು, ಪೈಪರಿನ್ ಸೇರಿಸಿದಾಗ ಇನ್ನೂ ಕಡಿಮೆ. ನಿಮ್ಮ ಅಕ್ಕನಿಗೆ ಟಮಾಕ್ಸಿಫೆನ್ ಇರಲ್ಲ, ಟ್ರಿಪಲ್ ನೆಗೆಟಿವ್‌ಗೆ ಅದು ಕೊಡಲ್ಲ. ಆದರೆ ಇದನ್ನು ಓದೋ ಬೇರೆಯವರು ಅದೇ ಮಾತ್ರೆ ನುಂಗ್ತಾ ಇರಬಹುದು, ಅದಕ್ಕೆ ಬರೆದೆ. ಅರಿಶಿನದ ಕ್ಯಾಪ್ಸೂಲ್‌ನಿಂದಲೇ ಲಿವರ್ ಕೆಟ್ಟ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ.

ಲಕ್ಷ್ಮಣಫಲ. ಇದರಲ್ಲಿ ಅನೋನಾಸಿನ್ ಅನ್ನೋ ಅಂಶ ಇದೆ, ಕೋಶಕ್ಕೆ ಶಕ್ತಿ ಸಿಗೋ ಜಾಗದಲ್ಲೇ ಅದು ಅಡ್ಡ ಬರುತ್ತೆ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯೋದು ಅದಕ್ಕೇ. ಮೆದುಳಿನ ನರಕೋಶಕ್ಕೂ ಅದು ಅಷ್ಟೇ ವಿಷ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಕಷಾಯ ಜಾಸ್ತಿ ಬಳಸೋರಲ್ಲಿ ಪಾರ್ಕಿನ್ಸನ್ ಥರದ, ಮೈ ಬಿಗಿದು ಓಡಾಟ ನಿಧಾನವಾಗೋ ನರದ ಕಾಯಿಲೆ ಜಾಸ್ತಿ ಇದೆ ಅಂತ 1999ರಲ್ಲಿ ವೈದ್ಯರು ವರದಿ ಮಾಡಿದರು. ದೊಡ್ಡಮ್ಮನಿಗೆ ಇದನ್ನು ಹೇಳಿ, ಅವರು ಪ್ರೀತಿಯಿಂದ ಮಾಡಿದ್ದು ಅಂತ ಗೊತ್ತು.

ನಿತ್ಯಪುಷ್ಪದ ಎಲೆ ಬೇಡವೇ ಬೇಡ. ಅದರಿಂದ ಬರೋ ವಿನ್‌ಕ್ರಿಸ್ಟಿನ್ನನ್ನು ನಾವು ವಯಸ್ಕರಿಗೆ ಕೊಡೋದು ಒಂದೆರಡು ಮಿಲಿಗ್ರಾಂ, ಅದೂ ನೇರ ರಕ್ತನಾಳಕ್ಕೆ. ಒಂದು ಹಿಡಿ ಎಲೆಯಲ್ಲಿ ಏನು ಎಷ್ಟಿದೆ ಅಂತ ಯಾರಿಗೂ ಗೊತ್ತಾಗಲ್ಲ. ಕೀಮೋದಿಂದ ಕೌಂಟ್, ಅಂದರೆ ಬಿಳಿ ರಕ್ತಕಣಗಳ ಸಂಖ್ಯೆ, ಬಿದ್ದಿರುವಾಗ ಹಸಿ ಎಲೆ ಅರೆದ ರಸದಿಂದ ಸೋಂಕೂ ತಗಲಬಹುದು.

ಚಕ್ಕೋತ ಕೂಡ ಕೇಳಿ ತಿನ್ನಿಸಿ. ದೇವನಹಳ್ಳಿ ಚಕ್ಕೋತ ಹಣ್ಣೇ ತಾನೇ ಅನ್ನಿಸುತ್ತೆ. ಆದರೆ ಅದರ ಹತ್ತಿರದ ಸಂಬಂಧಿ ಗ್ರೇಪ್‌ಫ್ರೂಟ್ ಕೆಲವು ಕ್ಯಾನ್ಸರ್ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತೆ, ಪಾಲ್ಬೋಸಿಕ್ಲಿಬ್ ಅನ್ನೋ ಸ್ತನ ಕ್ಯಾನ್ಸರ್ ಮಾತ್ರೆಯ ಚೀಟಿಯಲ್ಲೇ ತಿನ್ನಬೇಡಿ ಅಂತ ಬರೆದಿರುತ್ತೆ. ಅದೇ ಥರದ ಅಂಶ ಚಕ್ಕೋತದಲ್ಲೂ ಇದೆ.

ಗುಂಡಿಬೈಲು

ಫಾರ್ಮಸಿಯವರು ಹೇಳಿದ್ದು ಸರಿ. ನನಗೂ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಚೆನ್ನಾಗಿದ್ದೀನಿ. ತಂಗಿ, ಒಂದೇ ಮಾತು: ಮನೆಯವರ ಬಾಯಿ ಮುಚ್ಚಿಸೋಕೆ ಹೋಗಬೇಡಿ, ಸುಸ್ತಾಗ್ತೀರಿ. ಅವರಿಗೂ ಏನಾದರೂ ಮಾಡಬೇಕು ಅನ್ನೋ ಸಂಕಟ. ನಮ್ಮ ಅತ್ತೆ ಕಷಾಯದ ಬದಲು ದಿನಾ ಗಂಜಿ, ಹೆಸರುಬೇಳೆ ತೊವ್ವೆ, ಮೊಟ್ಟೆ ಮಾಡಿಕೊಡೋ ಕೆಲಸ ಹಿಡಿದರು. ಬಾಯಲ್ಲಿ ಹುಣ್ಣಾದಾಗ ಅದೇ ನನ್ನನ್ನು ಉಳಿಸಿದ್ದು. ದೊಡ್ಡಮ್ಮನಿಗೂ ಅಂಥದ್ದೊಂದು ಕೆಲಸ ವಹಿಸಿ.

ಶಿರಸಿ ಸೊಪ್ಪಿನಬೆಟ್ಟ

ನಾನು ಸಸ್ಯಶಾಸ್ತ್ರ ಓದಿದವನು, ವೈದ್ಯ ಅಲ್ಲ. ಆದರೆ ನಿಮ್ಮ ಮೊದಲ ಪ್ರಶ್ನೆಗೆ ನಮ್ಮ ಘಟ್ಟದಲ್ಲೇ ಒಂದು ಉತ್ತರ ಇದೆ, ಯಾರೂ ಹೇಳಲಿಲ್ಲ ಅಂತ ಬರೀತಿದ್ದೀನಿ.

ಇಲ್ಲಿ ಕಾಡಿನಲ್ಲಿ ದುರ್ವಾಸನೆ ಮರ ಅಂತ ಒಂದು ಸಣ್ಣ ಮರ ಇದೆ. ಹೂ ಬಿಟ್ಟಾಗ ಹತ್ತಿರ ನಿಲ್ಲೋಕಾಗಲ್ಲ, ಅಷ್ಟು ನಾತ. ಕ್ಯಾಂಪ್ಟೋಥೆಸಿನ್ ಅನ್ನೋ ಅಂಶವನ್ನು ಮೇಲೆ ಹೇಳಿದ ಅದೇ ವಾಲ್ ಮತ್ತು ವಾನಿ 1966ರಲ್ಲಿ ಚೀನಾ ಮೂಲದ ಒಂದು ಮರದಲ್ಲಿ ಕಂಡುಹಿಡಿದಿದ್ದರು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ಅಂಶ ನಮ್ಮ ಈ ಮರದಲ್ಲೂ ಇದೆ ಅಂತ ತೋರಿಸಿದರು. ಆಮೇಲೆ ಶುರುವಾಯಿತು ನೋಡಿ ಮರಕ್ಕೆ ಗ್ರಹಚಾರ. ಬುಡಸಮೇತ ಕಡಿದು, ಚಕ್ಕೆ ಮಾಡಿ ಮೂಟೆಗಟ್ಟಲೆ ಸಾಗಿಸಿದರು, ಹೊರದೇಶಕ್ಕೂ ಹೋಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಆರ್. ಉಮಾಶಂಕರ್ ಅವರ ತಂಡ ಘಟ್ಟದುದ್ದಕ್ಕೂ ಯಾವ ಜಾಗದ ಮರದಲ್ಲಿ ಈ ಅಂಶ ಎಷ್ಟಿದೆ ಅಂತ ಅಧ್ಯಯನ ಮಾಡಿದೆ.

ಯೂ ಮರದ ಕಥೆಯೂ ಇದೇ. ಒಂದು ಕಿಲೋ ಔಷಧಿಗೆ ಸುಮಾರು 10 ಸಾವಿರ ಕಿಲೋ ತೊಗಟೆ ಬೇಕಿತ್ತು. ತೊಗಟೆ ಸುಲಿದರೆ ಮರ ಸಾಯುತ್ತೆ. ಯುರೋಪಿನ ಯೂ ಮರದ ಎಲೆಯಲ್ಲಿ ಸಿಗೋ ಇನ್ನೊಂದು ಅಂಶದಿಂದ ಔಷಧಿ ಮಾಡಬಹುದು ಅಂತ ಗೊತ್ತಾದ ಮೇಲೆ, ಮುಂದೆ ಗಿಡದ ಕೋಶವನ್ನೇ ತೊಟ್ಟಿಯಲ್ಲಿ ಬೆಳೆಸೋಕೆ ಬಂದ ಮೇಲೆ ಮರದ ಮೇಲಿನ ಒತ್ತಡ ಇಳೀತು. ಅಷ್ಟರಲ್ಲಿ ನಮ್ಮ ಹಿಮಾಲಯದ ಯೂ ಅಳಿವಿನ ಅಂಚಿಗೆ ಬಂದಾಗಿತ್ತು. ಕ್ಯಾನ್ಸರ್‌ಗೆ ಔಷಧಿ ಸಿಗಬೇಕು, ಅದಕ್ಕೆ ಯಾರದೂ ತಕರಾರಿಲ್ಲ. ಆದರೆ ಯಾವುದೋ ವಾಟ್ಸಾಪ್ ಸುದ್ದಿ ನಂಬಿ ಊರಿನವರು ಕಾಡಿಗೆ ನುಗ್ಗಿ ತೊಗಟೆ ಕೆತ್ತೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ಕ್ಯಾಂಪ್ಟೋಥೆಸಿನ್ ಈಗ ಸ್ತನ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ ಅಂತ ಓದಿದ್ದೆ. ಅದನ್ನು ಕೋಶ ಬೆಳೆಸುವವರು ಹೇಳಿದರೆ ಒಳ್ಳೆಯದು.

ಕೋಶ ಬೆಳೆಸುವವ

ಶಿರಸಿಯವರೇ, ಒಳ್ಳೆ ಕಡೆ ತಂದಿರಿ. ತಂಗಿಯ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕ್ಯಾಂಪ್ಟೋಥೆಸಿನ್ನನ್ನು 1970ರ ಸುಮಾರಿಗೆ ರೋಗಿಗಳಿಗೆ ಕೊಟ್ಟು ನೋಡಿದ್ದರು. ಮೂತ್ರಕೋಶದಿಂದ ರಕ್ತ, ವಿಪರೀತ ಭೇದಿ. ಟ್ರಯಲ್ ಕೈಬಿಟ್ಟರು. ಆಮೇಲೆ ಅದರ ಅಣುವನ್ನು ಸ್ವಲ್ಪ ಬದಲಾಯಿಸಿ ಇರಿನೋಟಿಕಾನ್ ಮಾಡಿದರು, ಅದು ದೇಹದಲ್ಲಿ ಎಸ್‌ಎನ್-38 ಅನ್ನೋ ತುಂಬಾ ತೀಕ್ಷ್ಣವಾದ ರೂಪಕ್ಕೆ ತಿರುಗುತ್ತೆ. ಈ ಎಸ್‌ಎನ್-38 ಅನ್ನು ಒಂದು ಆಂಟಿಬಾಡಿಗೆ (ಗೊತ್ತಾದ ಗುರುತನ್ನೇ ಹುಡುಕಿ ಅಂಟಿಕೊಳ್ಳೋ ಪ್ರೋಟೀನ್) ಅಂಟಿಸಿದ್ದೇ ಸಾಸಿಟುಜುಮ್ಯಾಬ್ ಗೋವಿಟೆಕಾನ್ ಅನ್ನೋ ಔಷಧಿ. ಟ್ರಿಪಲ್ ನೆಗೆಟಿವ್ ಕೋಶಗಳ ಮೈಮೇಲೆ ಟ್ರಾಪ್-2 ಅನ್ನೋ ಪ್ರೋಟೀನ್ ಸಾಮಾನ್ಯವಾಗಿ ಜಾಸ್ತಿ ಇರುತ್ತೆ. ಆಂಟಿಬಾಡಿ ಅದನ್ನು ಹುಡುಕಿ ಹಿಡೀತದೆ, ವಿಷ ಹೆಚ್ಚಾಗಿ ಗಡ್ಡೆ ಇರೋ ಕಡೆ ಬಿಡುಗಡೆ ಆಗುತ್ತೆ. ಪ್ಯಾಕ್ಲಿಟ್ಯಾಕ್ಸೆಲ್‌ಗಿಂತ ಇದು ಕೆಲಸ ಮಾಡೋ ಜಾಗವೇ ಬೇರೆ. ಡಿಎನ್‌ಎ ಸುರುಳಿ ಬಿಚ್ಚೋ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸುತ್ತೆ. ಹಾಗಾಗಿ ಮೊದಲಿನ ಔಷಧಿ ಸೋತ ಕಡೆಯೂ ಇದಕ್ಕೆ ಅವಕಾಶ ಇರುತ್ತೆ.

ಅಸೆಂಟ್ ಅನ್ನೋ ಟ್ರಯಲ್‌ನಲ್ಲಿ, ಹರಡಿದ ಟ್ರಿಪಲ್ ನೆಗೆಟಿವ್ ಇದ್ದು ಈಗಾಗಲೇ ಕೀಮೋ ಆಗಿದ್ದವರಲ್ಲಿ, ಇದನ್ನು ಪಡೆದವರ ರೋಗ ಮುಂದುವರಿಯದೆ ನಿಂತ ಮಧ್ಯಮ ಅವಧಿ (ಅರ್ಧ ಜನರಿಗೆ ಇದಕ್ಕಿಂತ ಜಾಸ್ತಿ, ಅರ್ಧ ಜನರಿಗೆ ಕಡಿಮೆ) 5.6 ತಿಂಗಳು, ಮಾಮೂಲಿ ಕೀಮೋದಲ್ಲಿ 1.7 ತಿಂಗಳು. ಬದುಕಿದ ಮಧ್ಯಮ ಅವಧಿ 12.1 ತಿಂಗಳು, ಅಲ್ಲಿ 6.7. ನಿಮಗೆ ಈ ಅಂಕಿ ಓದೋಕೆ ಕಷ್ಟ ಆಗುತ್ತೆ ಅಂತ ಗೊತ್ತು. ಗುಣವಾಗುತ್ತೆ ಅಂತ ಯಾರೂ ಹೇಳ್ತಿಲ್ಲ, ಆದರೆ ಇಂಥ ಕ್ಯಾನ್ಸರ್‌ನಲ್ಲಿ ಆಯಸ್ಸು ಇಷ್ಟು ಹೆಚ್ಚಾಗಿದ್ದು ದೊಡ್ಡ ವಿಷಯ. ತೊಂದರೆಯೂ ಇದೆ: ಬಿಳಿ ರಕ್ತಕಣ ಬೀಳೋದು, ಭೇದಿ. ಜ್ವರ ಬಂದರೆ ಬೆಳಗ್ಗೆವರೆಗೆ ಕಾಯೋ ಹಾಗಿಲ್ಲ, ತಕ್ಷಣ ಆಸ್ಪತ್ರೆ.

ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟಿಕಾನ್ ಅಂತ ಇನ್ನೊಂದಿದೆ, ಅದರ ವಿಷದ ಭಾಗವೂ ಕ್ಯಾಂಪ್ಟೋಥೆಸಿನ್ ಕುಟುಂಬದ್ದೇ. ಇಥಿಯೋಪಿಯಾದ ಒಂದು ಪೊದೆಯಲ್ಲಿ 1972ರಲ್ಲಿ ಸಿಕ್ಕಿದ ಮೇಟಾನ್ಸಿನ್ ಕೂಡ ಹೀಗೇ. ಬರೀ ಕೊಟ್ಟಾಗ ತಡೆಯಲಾರದ ವಿಷ ಅಂತ ಬಿಟ್ಟಿದ್ದರು, ಮುಂದೆ ಆಂಟಿಬಾಡಿಗೆ ಕಟ್ಟಿ ಹರ್-2 ಪಾಸಿಟಿವ್ ಕ್ಯಾನ್ಸರ್‌ಗೆ ಔಷಧಿ ಮಾಡಿದರು. ನೋಡಿ, ಈ ಮೂರರಲ್ಲೂ ಗಿಡದ ಅಂಶ ಹಾಗೇ ಕೊಟ್ಟಾಗ ರೋಗಿಗೆ ತಡೆಯೋಕಾಗಲಿಲ್ಲ ಅಥವಾ ಸಾಕಾಗಲಿಲ್ಲ. ಅಣು ತಿದ್ದಿ, ಅಳತೆ ಹಿಡಿದು, ಗಡ್ಡೆಯ ಹತ್ತಿರ ತಲುಪಿಸಿದ ಮೇಲೆ ಔಷಧಿ ಆಯಿತು.

ಹಾಸನದ ತಂಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಓದುತ್ತಾ ಅಳು ಬಂತು, ಆದರೆ ತಲೆ ತಿಳಿಯಾಯಿತು. ಕ್ಯಾಪ್ಸೂಲ್ ಎತ್ತಿಟ್ಟೆ. ದೊಡ್ಡಮ್ಮನಿಗೆ ಪಾರ್ಕಿನ್ಸನ್ ವಿಷಯ ಹೇಳಿದೆ, ಅವರೇ ಕಷಾಯ ಚೆಲ್ಲಿದರು. ಹಳೇ ಸಮ್ಮರಿಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಇದೆ. ಮುಂದಿನ ವಾರ ಡಾಕ್ಟರನ್ನು ನೋಡ್ತೀವಿ. ಏನೇನು ಕೇಳಬೇಕು? ಅಲ್ಲಿ ಹೋದರೆ ಎಲ್ಲ ಮರೆತುಹೋಗುತ್ತೆ.

ಡೇ ಕೇರ್ ಫಾರ್ಮಸಿ

ಹಾಳೆಯಲ್ಲಿ ಬರೆದುಕೊಂಡು ಹೋಗಿ, ತೋರಿಸೋಕೆ ಸಂಕೋಚ ಬೇಡ. ಶ್ವಾಸಕೋಶದ ಗಡ್ಡೆಯಿಂದ ಮತ್ತೆ ಬಯಾಪ್ಸಿ ಮಾಡಬಹುದಾ ಕೇಳಿ, ಮರಳಿ ಬಂದ ಕ್ಯಾನ್ಸರ್‌ನ ಗುಣ ಕೆಲವೊಮ್ಮೆ ಬದಲಾಗಿರುತ್ತೆ. ಹರ್-2 ನೆಗೆಟಿವ್ ಅಂತ ಮಾತ್ರ ನೋಡಬೇಡಿ, ಸ್ಕೋರ್ 0 ಇದೆಯಾ, 1+ ಅಥವಾ 2+ ಇದೆಯಾ ಅಂತ ಕೇಳಿ. 1+, ಅಥವಾ 2+ ಇದ್ದು ಫಿಶ್ ಟೆಸ್ಟ್ (ಹರ್-2 ಜೀನ್ ಎಣಿಸೋ ಪರೀಕ್ಷೆ) ನೆಗೆಟಿವ್ ಇದ್ದರೆ ಅದನ್ನು ಹರ್-2 ಲೋ ಅಂತಾರೆ, ಆಗ ಮೇಲೆ ಹೇಳಿದ ಡೆರುಕ್ಸ್‌ಟಿಕಾನ್ ಬಗ್ಗೆ ಮಾತಾಡಬಹುದು. ವಂಶದಲ್ಲಿ ಬರೋ ಬಿಆರ್‌ಸಿಎ ಜೀನ್ ದೋಷದ ಪರೀಕ್ಷೆ ಆಗಿದೆಯಾ? ಅದು ಪಾಸಿಟಿವ್ ಇದ್ದರೆ ಒಲಾಪರಿಬ್ ಥರದ ಮಾತ್ರೆ ಇದೆ, ಜೊತೆಗೆ ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತೆ. ಇಮ್ಯುನೋಥೆರಪಿ ಕೊಡಬಹುದಾ ಅಂತ ತಿಳಿಯೋಕೆ ಮಾಡೋ ಪಿಡಿ-ಎಲ್1 ಪರೀಕ್ಷೆ ನೋಡಿದ್ದಾರಾ ಕೇಳಿ.

ಸಾಸಿಟುಜುಮ್ಯಾಬ್ ಬಗ್ಗೆ ಹೆಸರು ಹಿಡಿದೇ ಕೇಳಿ. ದುಬಾರಿ ಔಷಧಿ, ಮುಚ್ಚಿಡೋದು ಬೇಡ. ಕಂಪನಿಯ ರೋಗಿ ನೆರವು ಯೋಜನೆ ಇದೆಯಾ, ಇನ್ಶೂರೆನ್ಸ್ ಎಷ್ಟು ಕೊಡುತ್ತೆ ಅಂತ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಯಾಪ್ಸಿಯ ಸ್ಲೈಡು, ಬ್ಲಾಕು (ಮೇಣದಲ್ಲಿಟ್ಟ ಗಡ್ಡೆಯ ತುಣುಕು), ಸ್ಕ್ಯಾನ್ ಸಿಡಿ ತಗೊಂಡು ಹೋಗಿ, ಬರೀ ರಿಪೋರ್ಟ್ ಸಾಲಲ್ಲ. ಹೊಸ ಔಷಧಿ ಟ್ರಯಲ್ ಯಾವುದಾದರೂ ನಡೀತಿದೆಯಾ ಅಂತ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಗಿಡದ ಅಂಶದ ಟ್ರಯಲ್ ಇದ್ದರೂ ಅಲ್ಲೇ ನೋಂದಣಿ ಆಗಿರಬೇಕು. ರೋಗಿಯಿಂದ ದುಡ್ಡು ಕೇಳಿ "ಟ್ರಯಲ್" ಅನ್ನೋರ ಹತ್ತಿರ ಹೋಗಬೇಡಿ.

ಮನೆಯಲ್ಲಿರೋ ಕ್ಯಾಪ್ಸೂಲ್ ಡಬ್ಬಿಯನ್ನೂ ಡಾಕ್ಟರ ಹತ್ತಿರ ತಗೊಂಡು ಹೋಗಿ ತೋರಿಸಿ. ಅಕ್ಕ ಆಗಲೇ ಕೆಲವು ನುಂಗಿದ್ದರೆ ಯಾವತ್ತಿನಿಂದ, ದಿನಕ್ಕೆ ಎಷ್ಟು ಅಂತ ಹೇಳಿ. ಹೊಸ ಔಷಧಿ ಶುರು ಮಾಡೋ ಮುಂಚೆ ಲಿವರ್ ಟೆಸ್ಟ್ ಹೇಗೂ ಮಾಡ್ತಾರೆ, ಅದನ್ನು ಓದೋವಾಗ ಅವರಿಗೆ ಇದು ಗೊತ್ತಿರಬೇಕು.